ಕೇರುಬೀಜದ ಕಲೆ

ಜೂನ್ 29, ಭಾನುವಾರ

ಕುರ್ಚಿ ಹೋದದ್ದು ಇನ್ನೂರು, ಬಂದದ್ದು ನೂರ ತೊಂಬತ್ತೊಂಬತ್ತು. ಟೇಬಲ್ಲು ಹನ್ನೆರಡು ಹೋಗಿ ಹನ್ನೆರಡೂ ಬಂದವು. ಇದನ್ನೆಲ್ಲ ಈ ಸ್ಟಾಕ್ ಪುಸ್ತಕದ ಮುಂಭಾಗದ ಪುಟಗಳಲ್ಲಿ ಎಂದಿನಂತೆ ಬರೆದಾಗಿದೆ. ಇವತ್ತಿನ ಇನ್ನೊಂದು ವಿಷಯಕ್ಕೆ ಅಲ್ಲಿ ಕಾಲಂ ಇಲ್ಲ. ಹಾಗಾಗಿ ಪುಸ್ತಕ ತಿರುಗಿಸಿ ಕೊನೆಯ ಪುಟದಿಂದ ಶುರು ಮಾಡಿದ್ದೇನೆ.

ಆಷಾಢ ಹಿಡಿದಿದೆ. ಮದುವೆ ಇಲ್ಲದ ತಿಂಗಳಲ್ಲಿ ಶಾಮಿಯಾನದವನ ಕುರ್ಚಿಗೆ ಎರಡೇ ದಾರಿ. ಯಾರಾದರೂ ಸಾಯಬೇಕು, ಇಲ್ಲವೇ ಯಾರಾದರೂ ಶಿಬಿರ ಮಾಡಬೇಕು. ಇವತ್ತು ಭದ್ರಾವತಿ ಓಲ್ಡ್ ಟೌನಿನ ಶಾಲೆಯೊಂದರಲ್ಲಿ ಉಚಿತ ಚರ್ಮ ತಪಾಸಣೆ ಇತ್ತು. ಬ್ಯಾನರಿನ ಒಂದು ಮೂಲೆ ಬಿಚ್ಚಿಕೊಂಡಿತು. ಕಟ್ಟೋಣವೆಂದು ಚಪ್ಪಲಿ ಬಿಟ್ಟು ಕುರ್ಚಿ ಹತ್ತಿದೆ. ನನ್ನ ಕುರ್ಚಿಯನ್ನು ನಾನೇ ಚಪ್ಪಲಿಯಲ್ಲಿ ತುಳಿದರೆ ಬೇರೆಯವರಿಗೆ ಏನು ಹೇಳಲಿ? ಹಿಂದೆ ಕೂತಿದ್ದ ಡಾಕ್ಟರು ನನ್ನ ಅಂಗಾಲು ನೋಡಿ, ಇಳಿದು ಬನ್ನಿ ಎಂದು ಕರೆದರು.

ಹೆಸರು ಪ್ರಿಯದರ್ಶಿನಿ, ಶಿವಮೊಗ್ಗದವರು. ಮೂವತ್ತೈದು ದಾಟಿರಲಿಕ್ಕಿಲ್ಲ. ಕೈಯಲ್ಲಿ ಸಣ್ಣ ಟಾರ್ಚಿನಂಥದ್ದು, ಮುಂದೆ ದಪ್ಪ ಗಾಜು. ಡರ್ಮೋಸ್ಕೋಪ್ ಅಂತೆ, ಚರ್ಮದ ಒಳಗಿನ ಬಣ್ಣವನ್ನು ತೋರಿಸುತ್ತದಂತೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಅದನ್ನು ಒತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಹಿಂದೆ ಅರವತ್ತು ಜನರ ಸಾಲು ಇತ್ತು. ಏನಾದರೂ ಹಚ್ಚಿದ್ದೀರಾ, ನಾಟಿ ಔಷಧಿ, ಬಣ್ಣ, ಎಂದು ಕೇಳಿದರು. ಇಲ್ಲ ಎಂದೆ. ಗುರುವಾರ ಕ್ಲಿನಿಕ್ಕಿಗೆ ಬನ್ನಿ, ತಪ್ಪಿಸಬೇಡಿ ಎಂದರು.

ಹಚ್ಚಿದ್ದೆ. ತಿಂಗಳ ಹಿಂದೆ ಅಲ್ಲಿ ಚರ್ಮ ಬಿರುಕು ಬಿಟ್ಟಿತ್ತು. ಪಾತ್ರೆ ತೊಳೆಯುವ ಕಲ್ಲಮ್ಮ ಕೇರುಬೀಜ ಕಾಯಿಸಿ ಅದರ ಎಣ್ಣೆ ಒತ್ತು ಎಂದಳು. ಹಿಂದೆಲ್ಲ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಬೀಜ ಅದು, ಎಷ್ಟು ಒಗೆದರೂ ಹೋಗದ ಕಪ್ಪು. ಒತ್ತಿದೆ, ಬಿರುಕು ಮುಚ್ಚಿತು. ಆದರೆ ಡಾಕ್ಟರು ಕೇಳಿದ ತಕ್ಷಣ ಇಲ್ಲ ಎಂದುಬಿಟ್ಟೆ. ಅದು ನನ್ನ ವ್ಯಾಪಾರದ ಅಭ್ಯಾಸ. ಕುರ್ಚಿ ಇದೆಯಾ ಎಂದರೂ ಮೊದಲು ಇಲ್ಲ ಅನ್ನುತ್ತೇನೆ, ಎಷ್ಟು ಬೇಕು ಅಂತ ಆಮೇಲೆ ಕೇಳುತ್ತೇನೆ.

ಮನೆಗೆ ಬಂದು ಕನ್ನಡಿಯನ್ನು ನೆಲಕ್ಕಿಟ್ಟು ಕಾಲು ನೋಡಿಕೊಂಡೆ. ಎಣ್ಣೆ ಒತ್ತಿದ್ದು ಬಿರುಕಿಗೆ. ಕಪ್ಪು ಅದಕ್ಕಿಂತ ಅಗಲ ಇದೆ. ಮೊದಲೇ ಇತ್ತೋ, ಆಮೇಲೆ ಬಂತೋ? ಹೆಂಡತಿ ವೀಣಾ ಇದ್ದಿದ್ದರೆ ಹೇಳುತ್ತಿದ್ದಳು. ಅವಳು ಹೋಗಿ ಆರು ವರ್ಷ. ಅಂಗಾಲು ಅನ್ನುವುದು ಮನೆಯಲ್ಲಿ ಇನ್ನೊಬ್ಬರಿದ್ದರೆ ಮಾತ್ರ ಕಾಣುವ ಜಾಗ.

ಜುಲೈ 3, ಗುರುವಾರ

ವಿನೋಬನಗರ. ಕ್ಲಿನಿಕ್ಕಿನಲ್ಲಿ ಕುರ್ಚಿ ಹದಿನಾಲ್ಕು, ಎಲ್ಲ ಕಬ್ಬಿಣದವು, ಒಂದಕ್ಕೊಂದು ಬೆಸೆದವು. ಕಳೆದುಹೋಗುವ ಭಯವಿಲ್ಲ.

ಈ ಸಲ ಅಂಗಾಲಿಗೆ ಜೆಲ್ ಹಚ್ಚಿ, ಗಾಜು ಒತ್ತಿ, ಕಂಡದ್ದನ್ನು ಟಿವಿಯಷ್ಟು ದೊಡ್ಡ ಪರದೆಗೆ ಬಿಟ್ಟರು. ಐವತ್ತೆಂಟು ವರ್ಷ ಹೊತ್ತು ತಿರುಗಿದ ಕಾಲು, ನನಗೇ ಗುರುತು ಸಿಗಲಿಲ್ಲ. ಡಾಕ್ಟರಿಗೆ ಹೊಲಗದ್ದೆಯ ಭಾಷೆ ಗೊತ್ತು. ಅಂಗಾಲೆಂದರೆ ಉತ್ತು ಬಿಟ್ಟ ಹೊಲ ಇದ್ದ ಹಾಗೆ, ಒಂದು ಎತ್ತರದ ದಿಂಡು, ಒಂದು ತಗ್ಗಿನ ಸಾಲು ಎಂದರು. ದಿಂಡಿನ ಮೇಲೆ ಒಂದರ ಪಕ್ಕ ಒಂದು ಬಿಳಿ ಚುಕ್ಕೆ ಕಾಣುತ್ತದಲ್ಲ, ಅವು ಬೆವರು ಬರುವ ಬಾಯಿಗಳು. ಮಾಮೂಲಿ ಮಚ್ಚೆಯಾದರೆ ಬಣ್ಣ ನೀರಿನ ಹಾಗೆ ಸಾಲಿನಲ್ಲಿ ಇಳಿದಿರುತ್ತದೆ. ನಿಮ್ಮದು ದಿಂಡು ಹತ್ತಿ ಕೂತಿದೆ. ದಿಂಡು ಹತ್ತಿದ ಬಣ್ಣವನ್ನು ಸುಮ್ಮನೆ ಬಿಡುವ ಹಾಗಿಲ್ಲ.

ಬಿಟ್ಟರೆ ಏನು ಎಂದು ಕೇಳಿದೆ. ಹೇಳಿದರು. ಆ ಪದವನ್ನು ಬರೆಯುವುದಿಲ್ಲ, ಸ್ಟಾಕ್ ಪುಸ್ತಕ ಇದು.

ಏನೂ ಹಚ್ಚಿಲ್ಲ ತಾನೆ ಎಂದು ಮತ್ತೆ ಕೇಳಿದರು. ಮತ್ತೆ ಇಲ್ಲ ಎಂದೆ. ಒಮ್ಮೆ ಬಾಯಲ್ಲಿ ಬಂದ ಲೆಕ್ಕವನ್ನು ಎದುರಿಗಿದ್ದವರ ಮುಂದೆ ತಿದ್ದುವ ಅಭ್ಯಾಸ ನನಗಿಲ್ಲ. ಮಂಗಳವಾರ ಒಂದು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸುತ್ತಾರಂತೆ. ಕಾಲು ಜೋಮು ಹಿಡಿದಿರುತ್ತದೆ, ಮನೆಯಿಂದ ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದರು. ಒಬ್ಬನೇ ಬರುತ್ತೇನೆ ಎಂದೆ. ಆಗುವುದಿಲ್ಲ ಎಂದರು. ಅದೇನು ದೊಡ್ಡ ವಿಷಯ, ಕರೆದುಕೊಂಡು ಬರುತ್ತೇನೆ ಎಂದೆ.

ಜುಲೈ 5, ಶನಿವಾರ

ಒಂದು ತಿಥಿ. ಕುರ್ಚಿ ಐವತ್ತು. ಬಂದವು.

ಜುಲೈ 7, ಸೋಮವಾರ

ಫೋನಿನಲ್ಲಿ ಸಾವಿರದ ನಾಲ್ಕುನೂರು ಹೆಸರಿದೆ. ಇವತ್ತು ಬೆಳಿಗ್ಗೆ ಕೂತು ಅಷ್ಟನ್ನೂ ಮೇಲಿಂದ ಕೆಳಕ್ಕೆ ನೋಡಿದೆ. ಒಂದೂ ಬರೀ ಹೆಸರಾಗಿಲ್ಲ. ಗೃಹಪ್ರವೇಶ ನ್ಯೂಟೌನ್ ರಾಮಚಂದ್ರಪ್ಪ. ನಾಮಕರಣ ಶಿವರಾಜ್. ಎರಡನೇ ಮದುವೆ ಸತೀಶ್. ಹನ್ನೆರಡನೇ ವಯಸ್ಸಿನಲ್ಲಿ ಮೆರವಣಿಗೆಯ ಗ್ಯಾಸ್‌ಲೈಟ್ ಹೊತ್ತುಕೊಂಡು ಈ ಊರಿಗೆ ಬಂದವನು ನಾನು. ಹಿಂದೆ ಮುಂದೆ ಯಾರೂ ಇರಲಿಲ್ಲ. ಊರಿನ ಅರ್ಧ ಜನ ನನ್ನ ಚಪ್ಪರದ ಕೆಳಗೆ ಮದುವೆಯಾದರು, ಉಳಿದರ್ಧ ಜನ ನನ್ನ ಕುರ್ಚಿಯಲ್ಲಿ ಕೂತು ಅತ್ತರು.

ಮೂವರಿಗೆ ಫೋನ್ ಮಾಡಿದೆ. ಆಷಾಢದಲ್ಲಿ ಶಾಮಿಯಾನದವನ ಫೋನು ಬಂದರೆ ಜನ ಹಲೋ ಎನ್ನುವುದಿಲ್ಲ. ಮೂವರೂ ಕೇಳಿದ್ದು ಒಂದೇ ಮಾತು:

"ಹೇಳಿ ಜಂಬಣ್ಣ, ಯಾರು ಹೋದ್ರು?"

ಯಾರೂ ಹೋಗಿಲ್ಲ, ಸುಮ್ಮನೆ ಮಾಡಿದೆ ಎಂದೆ. ಮೂವರೂ ನಕ್ಕರು. ನಾನು ಸುಮ್ಮನೆ ಫೋನ್ ಮಾಡುವವನಲ್ಲ ಎಂದು ಅವರಿಗೆ ಗೊತ್ತು. ನಾನೂ ನಕ್ಕು ಇಟ್ಟೆ.

ಮಧ್ಯಾಹ್ನ ಗೋದಾಮಿನ ಹಿಂದೆ ಕಲ್ಲಮ್ಮ ಕೊಳಗ ಉಜ್ಜುತ್ತಿದ್ದಳು. ಹನ್ನೊಂದು ವರ್ಷದಿಂದ ನನ್ನ ಪಾತ್ರೆ ತೊಳೆಯುತ್ತಿದ್ದಾಳೆ, ಒಂದು ಸೌಟು ಕಳೆದಿಲ್ಲ. ನಾನು ಊರಿಗೆಲ್ಲ ಏನೇನೋ ಬಾಡಿಗೆಗೆ ಕೊಡುತ್ತೇನೆ, ಒಂದು ದಿನಕ್ಕೆ ಒಬ್ಬಳು ಅಕ್ಕ ಬೇಕು, ಬರುತ್ತೀಯಾ ಎಂದು ಕೇಳಿದೆ. ವಿಷಯ ಹೇಳಿದೆ. ಬೂದಿಯ ಕೈಯನ್ನು ಕೊಳಗದ ಅಂಚಿಗೆ ಒರೆಸಿದಳು. ಅಕ್ಕ ಆದ್ರೆ ನೀನು ಅನ್ಬೇಕಾಗುತ್ತಲ್ಲ ಯಜಮಾನ್ರೇ, ಆಮೇಲೆ ಬೈಬಾರ್ದು, ಎಂದಳು.

ಜುಲೈ 8, ಮಂಗಳವಾರ

ಬರೆಯುವುದು ಬಹಳ ಇದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕಲ್ಲಮ್ಮ ಹಸಿರು ಸೀರೆ ಉಟ್ಟು, ಕುಂಕುಮ ದೊಡ್ಡದಾಗಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಬಂದಿದ್ದಳು. ಅವಳ ಗಂಡ ಬಿಟ್ಟು ಹೋಗಿ ಹದಿನೆಂಟು ವರ್ಷ. ಸತ್ತ ಸುದ್ದಿ ಬಂದಿಲ್ಲ, ಹಾಗಾಗಿ ಕುಂಕುಮ ಉಳಿದಿದೆ. ಬಸ್ಸಿನಲ್ಲಿ ಪಾಠ ಹೇಳಿಕೊಟ್ಟೆ. ನಮ್ಮ ಅಪ್ಪ ಬಸಪ್ಪ, ನೀನು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಹೆಚ್ಚು ಮಾತು ಬೇಡ. ತಲೆಯಾಡಿಸಿದಳು.

ಒಳಗೆ ಹೋಗಿ ಕೂತಿದ್ದೇ ತಡ, ಪಾಠವೆಲ್ಲ ಎಲ್ಲಿ ಹೋಯಿತೋ. ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ ಎಂದು ಡಾಕ್ಟರು ಕೇಳಿದರು. ಇಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಶುರು ಮಾಡಿದ್ದಳು.

"ನಮ್ಮಪ್ಪಂಗೆ ಆಗಿತ್ತು ಡಾಕ್ಟ್ರಮ್ಮ. ಪಾದದಲ್ಲಿ ಹಿಂಗೇ ಕರ್ರಗೆ. ಹಾವಿನ ಮುಳ್ಳು ತುಳ್ದಿದಾನೆ ಅಂದ್ರು ಜನ. ಎರಡು ವರ್ಷಕ್ಕೆ ತೊಡೆಸಂದಿಲಿ ಗಂಟು ಬಂತು, ಮೂರನೇ ವರ್ಷ ಹೋಗ್ಬಿಟ್ಟ. ನಂಗಾಗ ಹದಿನಾರು."

ಮೇಜಿನ ಕೆಳಗೆ ಅವಳ ಸೀರೆಯ ಸೆರಗು ಜಗ್ಗಿದೆ. ನಿಲ್ಲಲಿಲ್ಲ. ಮುಂದಕ್ಕೆ ಹೋಗಿ, ಇವನ ಕಾಲಿಂದು ಅದಲ್ಲ, ಕೇರು, ಒಡೆದಿತ್ತು ಅಂತ ನಾನೇ ಹಚ್ಚು ಅಂದೆ, ಎಂದಳು. ಡಾಕ್ಟರು ನನ್ನ ಕಡೆ ತಿರುಗಿದರು.  ಬೈದಿದ್ದರೆ ಏನಾದರೂ ಉತ್ತರ ಹೊಂದಿಸುತ್ತಿದ್ದೆ. ಸಣ್ಣ ಬ್ಲೇಡು ತೆಗೆದುಕೊಂಡು ಕಪ್ಪಿನ ಮೇಲೆ ಹಗುರವಾಗಿ ಕೆರೆದರು. ಪುಡಿಪುಡಿಯಾಗಿ ಸತ್ತ ಚರ್ಮ ಉದುರಿತು. ಮತ್ತೆ ಗಾಜು ಒತ್ತಿದರು. ಪರದೆಯಲ್ಲಿ ಬರೀ ಹೊಲ. ದಿಂಡೂ ಬೋಳು, ಸಾಲೂ ಬೋಳು. ಎಣ್ಣೆ ಹರಡಿ ದಿಂಡಿನ ನೆತ್ತಿಗೆ ಹತ್ತಿಕೊಂಡಿತ್ತಂತೆ, ಹೊರಗಿನ ಕಲೆ ಹಾಗೆ ಮೋಸ ಮಾಡುವುದುಂಟಂತೆ. ಏನೂ ಹಚ್ಚಿಲ್ಲ ಎಂದು ನೀವು ಹೇಳದೆ ಇದ್ದಿದ್ದರೆ ಗುರುವಾರವೇ ಕೆರೆದು ನೋಡುತ್ತಿದ್ದೆ ಎಂದರು.

ಎದ್ದು ನಿಂತೆ. ಮನಸ್ಸಿನಲ್ಲಿ ಆಗಲೇ ಬಸ್ ಹತ್ತಿದ್ದೆ. ಆಗ ಡಾಕ್ಟರು ಕಲ್ಲಮ್ಮನಿಗೆ, ಅಪ್ಪನಿಗೆ ಇತ್ತು ಅಂದರೆ ನೀವೂ ಒಮ್ಮೆ ತೋರಿಸಿ ಎಂದರು.

ಅವಳು ಒಲ್ಲೆ ಎಂದಳು. ನಂದು ನಾಲ್ಕು ವರ್ಷದ ಕೇರುಕಲೆ, ಪಾತ್ರೆ ತೊಳೆಯೋ ಕಾಲು, ನೋಡಬೇಡಿ, ಗಲೀಜು. ಡಾಕ್ಟರು ಅವಳ ಕಾಲನ್ನು ತಮ್ಮ ತೊಡೆಯ ಮೇಲೇ ಎಳೆದುಕೊಂಡರು. ಬಲಗಾಲಿನ ಹಿಮ್ಮಡಿ. ಹುಣಸೆಬೀಜದ ಅಗಲ. ಬ್ಲೇಡಿನಲ್ಲಿ ಕೆರೆದರು. ಪುಡಿ ಉದುರಿತು, ಕಪ್ಪು ಉದುರಲಿಲ್ಲ. ಇನ್ನೊಮ್ಮೆ ಕೆರೆದರು. ಪರದೆಯ ಮೇಲೆ ದಿಂಡಿನುದ್ದಕ್ಕೂ ಬಣ್ಣ. ಒಂದು ಕಡೆ ಕಂದು, ಒಂದು ಕಡೆ ಕಪ್ಪು, ನಡುವೆ ಬೂದಿಯಂಥದ್ದು. ಅಂಚು ಹರಿದ ಬಟ್ಟೆಯ ಹಾಗೆ. ನನಗೆ ಡಾಕ್ಟರಿಕೆ ಗೊತ್ತಿಲ್ಲ, ಆದರೆ ನಲವತ್ತು ವರ್ಷದಿಂದ ಸಾಮಾನು ನೋಡಿದ್ದೇನೆ. ಕೆಟ್ಟದ್ದು ಕೆಟ್ಟದ್ದಾಗಿಯೇ ಕಾಣುತ್ತದೆ.

ನನಗೆಂದು ತಯಾರು ಮಾಡಿಟ್ಟಿದ್ದ ಸೂಜಿಯನ್ನು ಅವಳಿಗೆ ಚುಚ್ಚಿದರು. ಚೂರು ತೆಗೆಯುವಾಗ ಅವಳು ನನ್ನ ಕೈ ಹಿಡಿಯಲಿಲ್ಲ, ಮೇಜಿನ ಅಂಚು ಹಿಡಿದಿದ್ದಳು. ಒಪ್ಪಿಗೆ ಪತ್ರದಲ್ಲಿ ತಮ್ಮ ಎಂದು ನಾನು ಸಹಿ ಹಾಕಿದೆ. ಅದೊಂದು ಪಾಠದ ಪ್ರಕಾರ ನಡೆಯಿತು.

ವಾಪಸು ಬರುವಾಗ, ಅಪ್ಪನ ಕಥೆ ಯಾಕೆ ಕಟ್ಟಿದೆ, ಅಷ್ಟೊಂದು ನಾಟಕ ಬೇಕಿತ್ತಾ ಎಂದು ಗದರಿದೆ. ಕಿಟಕಿಯ ಕಡೆಗೆ ನೋಡುತ್ತಿದ್ದವಳು ತಿರುಗಲಿಲ್ಲ.

"ನಾಟಕ ಏನ್ ಬಂತು ಯಜಮಾನ್ರೇ. ಅಪ್ಪಂದು ಕೇಳಿದ್ರು. ನಮ್ಮಪ್ಪಂದು ಹೇಳ್ದೆ."

ಜುಲೈ 9, ಬುಧವಾರ

ಕಲ್ಲಮ್ಮ ಕೆಲಸಕ್ಕೆ ಬಂದಿದ್ದಳು. ವಾಪಸು ಕಳಿಸಿದೆ. ನಿನ್ನೆಯ ಕೂಲಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ನನ್ನ ಕಾಲು ಚೆನ್ನಾಗಿದೆ. ಇದನ್ನು ಬರೆಯಬೇಕು ಎಂದು ಬರೆದೆ. ಖುಷಿಯನ್ನು ಯಾರಿಗೆ ಹೇಳುವುದು? ಹೇಳಿದರೆ ಮೊದಲು ಭಯವನ್ನೂ ಹೇಳಬೇಕಾಗುತ್ತದೆ.

ಜುಲೈ 18, ಶುಕ್ರವಾರ

ರಿಪೋರ್ಟು ಬಂತು. ಮೆಲನೋಮ. ಈಗ ಬರೆಯಬಹುದು, ಕ್ಯಾನ್ಸರ್. ನನ್ನದಾಗಿದ್ದರೆ ಈಗಲೂ ಬರೆಯುತ್ತಿರಲಿಲ್ಲವೇನೋ.

ಆದರೆ ತೆಳ್ಳಗಿದೆ, ಒಂದು ಮಿಲಿಮೀಟರು ಕೂಡ ಆಳವಿಲ್ಲ ಎಂದರು ಡಾಕ್ಟರು. ಸುತ್ತಲಿನ ಒಳ್ಳೆಯ ಚರ್ಮದ ಒಂದು ಅಂಚನ್ನೂ ಸೇರಿಸಿ ಅಗಲವಾಗಿ ತೆಗೆದರೆ ಅಲ್ಲಿಗೇ ನಿಲ್ಲುವ ಸಾಧ್ಯತೆ ಜಾಸ್ತಿ. ಇನ್ನೊಂದೆರಡು ವರ್ಷ ಕೇರುಕಲೆ ಎಂದುಕೊಂಡೇ ಇದ್ದಿದ್ದರೆ ಮಾತು ಬೇರೆ ಆಗುತ್ತಿತ್ತು. ಕಲ್ಲಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: ಆಮೇಲೆ ನಿಂತು ಕೆಲಸ ಮಾಡೋಕಾಗುತ್ತಾ? ಎರಡು ತಿಂಗಳು ಹಿಮ್ಮಡಿ ನೆಲಕ್ಕೆ ತಾಗುವಂತಿಲ್ಲ.

ಅವಳಿಗೊಬ್ಬಳು ಮಗಳಿದ್ದಾಳೆ, ಕವನ, ಕಡೂರಿಗೆ ಕೊಟ್ಟಿದೆ. ಎರಡನೇ ಹೆರಿಗೆಯಾಗಿ ಒಂದೂವರೆ ತಿಂಗಳು, ಅತ್ತೆ ಮನೆಯಲ್ಲೇ ಬಾಣಂತನ. ಹೇಳೋಣವೇ ಎಂದೆ. ಹಾಲು ಬತ್ತಿಹೋಗುತ್ತೆ, ಹೇಳಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ ಎಂದಳು. ಯಾವ ಕಾಲಿಗೆ, ಎಂದೆ. ನಗಲಿಲ್ಲ. ನಾನೂ ಯಾಕೆ ಹಾಗೆ ಅಂದೆನೋ.

ಜುಲೈ 24, ಗುರುವಾರ

ಶಿವಮೊಗ್ಗದ ಆಸ್ಪತ್ರೆ. ಅವಳ ಆಧಾರ್ ಕಾರ್ಡು ನೋಡಿ ಕೌಂಟರಿನವನು ತಲೆಯೆತ್ತಿದ. ತಂದೆ ದುರ್ಗಪ್ಪ ಅಂತಿದೆ, ನಿಮ್ಮ ತಂದೆ ಬಸಪ್ಪ ಅಂತೀರಿ, ತಮ್ಮ ಹೇಗಾದಿರಿ? ದೊಡ್ಡಪ್ಪನ ಮಗಳು ಸ್ವಾಮಿ ಎಂದೆ. ಬರೆದುಕೊಂಡ. ಹನ್ನೊಂದು ವರ್ಷದಲ್ಲಿ ಅವಳ ತಂದೆಯ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಆ ಕೌಂಟರಿನಲ್ಲಿ.

ಒಂಬತ್ತೂವರೆಗೆ ಒಳಗೆ ಹೋದಳು. ಹೊರಗೆ ಇಪ್ಪತ್ತಾರು ಕುರ್ಚಿ, ಕೂತವರು ಹತ್ತೊಂಬತ್ತು. ಎರಡು ಗಂಟೆ ಹೊತ್ತು ಎಣಿಸಲು ಬೇರೇನೂ ಉಳಿಯಲಿಲ್ಲ. ವೀಣಾಳ ಸಲ ಕೂತದ್ದು ನೆನಪಾಯಿತು. ಆಗ ಪಕ್ಕದಲ್ಲಿ ಅವಳ ಕಡೆಯವರು ಆರು ಜನ ಇದ್ದರು. ಕಾರ್ಯ ಮುಗಿದ ಮೇಲೆ ಒಬ್ಬೊಬ್ಬರೇ ಕಡಿಮೆಯಾದರು, ಬಾಡಿಗೆ ಅವಧಿ ಮುಗಿದ ಹಾಗೆ.

ಹನ್ನೊಂದೂ ಮುಕ್ಕಾಲಿಗೆ ನರ್ಸು ಬಂದು ಕಲ್ಲಮ್ಮನ ಕಡೆಯವರು ಯಾರು ಎಂದು ಕೂಗಿದಳು. ನಾನು ತಕ್ಷಣ ಏಳಲಿಲ್ಲ. ಎರಡನೇ ಸಲ ಕೂಗಿದಾಗ ಎದ್ದೆ.

ತೊಡೆಯಿಂದ ಚರ್ಮ ತೆಗೆದು ಹಿಮ್ಮಡಿಗೆ ಹೊಲಿದಿದ್ದಾರೆ.

ಆಗಸ್ಟ್ 2, ಶನಿವಾರ

ಡಿಸ್ಚಾರ್ಜ್ ಆಗಿ ನಿನ್ನೆ ಬಂದೆವು. ಅವಳ ಬಾಡಿಗೆ ರೂಮಿನಲ್ಲಿ ಮೆಟ್ಟಿಲು ಎಂಟು, ಶೌಚಕ್ಕೆ ಅಂಗಳ ದಾಟಬೇಕು. ಒಂದು ಕಾಲಿನಲ್ಲಿ ಆಗದ ಮಾತು. ಟೆಂಪೋ ಓಡಿಸುವ ಪುಟ್ಟಣ್ಣ, ನಿಮ್ಮ ಮನೆಯ ಮುಂದಿನ ಕೋಣೆ ಖಾಲಿ ಇದೆಯಲ್ಲ ಜಂಬಣ್ಣ ಎಂದ. ಖಾಲಿ ಇರಲಿಲ್ಲ. ಮುರಿದ ಕುರ್ಚಿ ಮೂವತ್ತು ಪೇರಿಸಿಟ್ಟಿದ್ದೆ. ತೆಗೆಸಿದೆವು.

ಬೀದಿಯವರು ನೋಡಿದರು. ನೋಡಲಿ. ಎದುರುಮನೆಯವರು, ಯಾರು ಜಂಬಣ್ಣ ಇವರು ಎಂದು ಗೊತ್ತಿದ್ದೂ ಕೇಳಿದರು. ದೊಡ್ಡಪ್ಪನ ಮಗಳು ಎಂದೆ. ಬಾಯಿಗೆ ಅದೇ ಬಂತು.

ಆಗಸ್ಟ್ 6, ಬುಧವಾರ

ಅನ್ನ ಮುದ್ದೆಯಾಗಿದೆ, ಸಾರಿಗೆ ಉಪ್ಪಿಲ್ಲ, ಒಗ್ಗರಣೆಗೆ ಎಣ್ಣೆ ಕಾದಿಲ್ಲ. ಇವು ನನ್ನ ಅಡುಗೆಯ ಮೇಲೆ ಇವತ್ತು ಬಂದ ದೂರುಗಳು. ಸಾವಿರ ಜನರ ಅಡುಗೆಗೆ ಪಾತ್ರೆ ಕೊಟ್ಟವನು ನಾನು ಎಂದೆ. ಪಾತ್ರೆ ಕೊಟ್ಟಿರಿ, ಅಡುಗೆ ಕೊಟ್ಟಿಲ್ಲವಲ್ಲ ಎಂದಳು. ಆದರೂ ಎರಡು ಸಲ ಬಡಿಸಿಕೊಂಡಳು. ಮನೆಯಲ್ಲಿ ಮತ್ತೆ ನೀವು, ಯಜಮಾನ್ರೇ. ನೀನು ಅನ್ನುವುದು ಆಸ್ಪತ್ರೆಯೊಳಗೆ ಮಾತ್ರ.

ಕುರ್ಚಿ ಎಲ್ಲೂ ಹೋಗಲಿಲ್ಲ. ಶ್ರಾವಣ ಬಂದಿದೆ, ಒಂದೆರಡು ಬುಕ್ಕಿಂಗಿಗೆ ಫೋನು ಬಂತು. ಒಂದನ್ನು ಎತ್ತಲು ಮರೆತೆ.

ಆಗಸ್ಟ್ 11, ಸೋಮವಾರ

ಡ್ರೆಸ್ಸಿಂಗಿಗೆ ಶಿವಮೊಗ್ಗಕ್ಕೆ ಹೋಗಿದ್ದೆವು, ಅಲ್ಲಿಂದ ವಿನೋಬನಗರಕ್ಕೆ. ಹೊಲಿದ ಚರ್ಮ ಹಿಡಿದಿದೆ. ಮೂರು ತಿಂಗಳಿಗೊಮ್ಮೆ ತಲೆಯಿಂದ ಕಾಲಿನವರೆಗೆ ಆ ಗಾಜಿನಲ್ಲಿ ನೋಡುತ್ತಾರಂತೆ, ತೊಡೆಸಂದಿ ಮುಟ್ಟಿ ನೋಡುತ್ತಾರಂತೆ. ಆಮೇಲೆ ಡಾಕ್ಟರು ಕಂಪ್ಯೂಟರ್ ನೋಡುತ್ತ, ಅಪ್ಪನಿಗೂ ಇತ್ತು, ನಿಮಗೂ ಬಂತು, ರಕ್ತಸಂಬಂಧದವರೆಲ್ಲ ವರ್ಷಕ್ಕೊಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು ಎಂದರು. ತಮ್ಮನದು ನೋಡಿಯಾಯಿತು. ಮಕ್ಕಳು?

"ಮಕ್ಕಳಿಲ್ಲ," ಎಂದಳು ಕಲ್ಲಮ್ಮ.

ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಸುಮ್ಮನಿದ್ದದ್ದಕ್ಕೆ ಕಾರಣಗಳನ್ನು ಬರೆದಿಡುತ್ತೇನೆ. ಒಂದು, ಮಗಳು ಅವಳವಳು, ಮಾತು ಅವಳದು. ಎರಡು, ಬಾಣಂತಿ. ಮೂರು, ಕವನ ಬಂದರೆ ತಾಯಿಯನ್ನು ಇಲ್ಲಿ ಬಿಟ್ಟು ಹೋಗುವುದಿಲ್ಲ. ಮೂರನೆಯದು ಕ್ರಮಕ್ಕೆ ಬರೆದದ್ದು, ಅದು ಲೆಕ್ಕಕ್ಕಿಲ್ಲ.

ಆಗಸ್ಟ್ 14, ಗುರುವಾರ

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕವನಳ ಫೋನು. ಕಲ್ಲಮ್ಮನಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಯೇ ಮಾತಾಡುತ್ತಾಳೆ. ಮಗುವಿನ ತೂಕ, ಅತ್ತೆಯ ಮಂಡಿನೋವು, ದೊಡ್ಡದರ ಶಾಲೆ, ಎಲ್ಲ ಬಂತು. ಕೊನೆಗೆ, ಅಮ್ಮ, ಹಿಮ್ಮಡಿ ಒಡೆದಿತ್ತಲ್ಲ, ನೀನು ಮಾಡ್ತಿದ್ದೆಯಲ್ಲ ಹಾಗೆ ಕೇರು ಕಾಯಿಸಿ ಇಟ್ಟೆ, ಕರ್ರಗಾಗಿ ಕೂತಿದೆ, ಇನ್ನೂ ಹೋಗಿಲ್ಲ, ಎಂದಳು. ಎಷ್ಟು ದಿನ ಆಯ್ತು ಎಂದು ಕೇಳಿದಳು ಕಲ್ಲಮ್ಮ. ಬಸುರಿಲಿ ಇಟ್ಟಿದ್ದು ಎಂದಳು ಮಗಳು.

ಫೋನು ಇಟ್ಟ ಮೇಲೆ ಕಲ್ಲಮ್ಮ ತಟ್ಟೆಯನ್ನು ಮುಟ್ಟಲಿಲ್ಲ. ನಾನು ಹೇಳು ಎನ್ನಲಿಲ್ಲ, ಅವಳು ಹೇಳುತ್ತೇನೆ ಎನ್ನಲಿಲ್ಲ.  ಆಮೇಲೆ ಗೋದಾಮಿಗೆ ಹೋಗಿ ಬರುತ್ತೇನೆ ಎಂದು ಹೊರಟೆ.

ಕುರ್ಚಿ ಪೇರಿಸಿದ ಸಂದಿಯಲ್ಲಿ ನಿಂತು ಕವನಳಿಗೆ ಫೋನ್ ಮಾಡಿದೆ. ಮೈಕು ಕೊಟ್ಟರೆ ಅರ್ಧ ದಿನ ಮಾತಾಡುವವನು ನಾನು. ಭದ್ರಾವತಿಯಿಂದ ಶಾಮಿಯಾನದ ಜಂಬಣ್ಣ ಅಮ್ಮ ನಾನು, ಎನ್ನುವುದಷ್ಟೇ ಆಯಿತು.

ಆ ಕಡೆಯಿಂದ ತಕ್ಷಣ ಬಂತು:

"ಅಮ್ಮ ಹೋಗ್ಬಿಟ್ಲಾ?"

ಇಲ್ಲ, ಇದ್ದಾಳೆ ತಾಯಿ, ನನ್ನ ಮನೆಯಲ್ಲೇ ಇದ್ದಾಳೆ ಎಂದೆ. ಎಷ್ಟು ಸಲ ಹೇಳಿದೆನೋ, ಎಣಿಸಲಿಲ್ಲ.

ಆಗಸ್ಟ್ 15, ಶುಕ್ರವಾರ

ಧ್ವಜಾರೋಹಣ ಮೂರು ಕಡೆ. ಕುರ್ಚಿ ನಾನೂರು. ಕಲ್ಲಮ್ಮ ಮಾತು ಬಿಟ್ಟಿದ್ದಾಳೆ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಅದನ್ನೂ ಹೇಳಲಿಲ್ಲ.

ಆಗಸ್ಟ್ 18, ಸೋಮವಾರ

ಕವನ, ಅವಳ ಗಂಡ ಪ್ರಸನ್ನಕುಮಾರ್, ಕೈಮಗು ನಿನ್ನೆ ಬಂದರು. ತಾಯಿ ಮಗಳು ಅತ್ತದ್ದನ್ನು ನಾನು ನೋಡಲಿಲ್ಲ, ಅಡುಗೆಮನೆಯಲ್ಲಿದ್ದೆ. ಗೋಡೆ ತೆಳ್ಳಗಿದೆ, ಕೇಳಿಸಿತು.

ಇವತ್ತು ಎಲ್ಲರೂ ವಿನೋಬನಗರಕ್ಕೆ. ಕೂತ ತಕ್ಷಣ ನಾನೇ ಶುರು ಮಾಡಿದೆ. ಡಾಕ್ಟ್ರೇ, ಹೋದ ಸಲ ಬರೆಸಿದ್ದರಲ್ಲಿ ತಪ್ಪಿದೆ, ತಿದ್ದಬೇಕು. ಇವರು ನನ್ನ ಅಕ್ಕ ಅಲ್ಲ. ನನ್ನ ಹತ್ತಿರ ಕೆಲಸ ಮಾಡುವವರು. ಸತ್ತದ್ದು ಇವರ ಅಪ್ಪ, ನನ್ನ ಅಪ್ಪ ಯಾರಂತಲೇ ನನಗೆ ಗೊತ್ತಿಲ್ಲ, ಬಸಪ್ಪ ಅಂತ ಶಾಲೆಯವರು ಬರೆದುಕೊಂಡದ್ದು. ರಕ್ತಸಂಬಂಧ ಅಂದರೆ ಈ ಹುಡುಗಿ, ಇವರ ಮಗಳು. ಇವಳ ಕಾಲು ನೋಡಿ.

ಡಾಕ್ಟರು ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು. ಬೈಯಬೇಕಾಗಿತ್ತು. ಜೆಲ್ಲಿನ ಬಾಟಲಿಗೆ ಕೈ ಹಾಕಿದರು.

ಕೆರೆಯುವಾಗ ಪ್ರಸನ್ನಕುಮಾರ್ ಮಗುವನ್ನೆತ್ತಿಕೊಂಡು ಬಾಗಿಲಿನಾಚೆ ಹೋದ. ನನ್ನ ಕಣ್ಣು ಪರದೆ ಬಿಡಲಿಲ್ಲ. ಮೊದಲ ಸಲ ಕೆರೆದಾಗ ಕಪ್ಪು ಹಾಗೇ ಇತ್ತು. ಕಲ್ಲಮ್ಮ ಕಣ್ಣು ಮುಚ್ಚಿಕೊಂಡಳು. ಎರಡನೇ ಸಲ ಒಂದಿಷ್ಟು ತೆಳುವಾಯಿತು. ಮೂರನೇ ಸಲಕ್ಕೆ ಹೊಲ ಕಂಡಿತು. ದಿಂಡಿನ ಮೇಲೆ ಬೆವರಿನ ಬಿಳಿ ಚುಕ್ಕೆಗಳು, ಸಾಲಾಗಿ, ಒಂದೂ ತಪ್ಪದೆ. ಏನೂ ಇಲ್ಲ ಎಂದರು. ವರ್ಷಕ್ಕೊಮ್ಮೆ ಬರಬೇಕು, ಮಕ್ಕಳು ದೊಡ್ಡವರಾದ ಮೇಲೆ ಅವರ ಕಾಲನ್ನೂ ನೀವೇ ನೋಡುತ್ತಿರಬೇಕು, ಇನ್ನು ಕೇರು ಮುಟ್ಟಬಾರದು.

ನನ್ನ ಕಡೆ ತಿರುಗಿ, ಹಾಗಾದರೆ ನೀವು ಇನ್ನು ಬರಬೇಕಾಗಿಲ್ಲ ಜಂಬಣ್ಣನವರೇ ಎಂದರು. ಕಂಪ್ಯೂಟರಿನಲ್ಲಿ ಏನನ್ನೋ ಅಳಿಸಿದರು. ಒಳ್ಳೆಯ ಸುದ್ದಿಯೇ. ಶಿವಮೊಗ್ಗಕ್ಕೆ ಹೋಗಿ ಬರುವುದೆಂದರೆ ಅರ್ಧ ದಿನ ಹಾಳು.

ಆಗಸ್ಟ್ 20, ಬುಧವಾರ

ಹೋದರು. ಅಳಿಯ ಕಾರು ಮಾಡಿಕೊಂಡು ಬಂದಿದ್ದ. ಕಾಲು ಚಾಚಿ ಕೂರಲು ಹಿಂದಿನ ಸೀಟಿನಲ್ಲಿ ಜಮಖಾನ ಮಡಿಸಿ ಹಾಕಿದೆ. ಪ್ಲಾಸ್ಟಿಕ್ ಕುರ್ಚಿ ಒಂದು ಜೊತೆಗೆ ಕಳಿಸಿದೆ, ಸ್ನಾನಕ್ಕೆ ಬೇಕಾಗುತ್ತದೆ. ಸ್ಟಾಕಿನಲ್ಲಿ ಬರೆದಿಲ್ಲ.

ಕವನ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಕಲ್ಲಮ್ಮ ಐದು ದಿನದಿಂದ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಕಾರು ಸ್ಟಾರ್ಟ್ ಆದ ಮೇಲೆ ಗಾಜು ಇಳಿಸಿದಳು.

"ಉಪ್ಪು ಕೊನೆಗೆ ಹಾಕು. ರುಚಿ ನೋಡಿ ಹಾಕು."

ಸರಿ ಎಂದೆ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಹೊಳೆಯಿತು. ಹಾಕಿ ಎನ್ನಲಿಲ್ಲ. ಸುತ್ತ ಎಲ್ಲೂ ಡಾಕ್ಟರಿರಲಿಲ್ಲ.

ಆಗಸ್ಟ್ 22, ಶುಕ್ರವಾರ

ಮುಂದಿನ ಕೋಣೆಗೆ ಮುರಿದ ಕುರ್ಚಿಗಳನ್ನು ವಾಪಸು ಇಡಿಸಲು ಪುಟ್ಟಣ್ಣ ಕೇಳಿದ. ಗೋದಾಮಿನಲ್ಲೇ ಇರಲಿ ಎಂದೆ. ಮಳೆ ಬೀಳುತ್ತದೆ ಜಂಬಣ್ಣ ಎಂದ. ಮುರಿದದ್ದಕ್ಕೆ ಮಳೆ ಏನು ಮಾಡುತ್ತದೆ ಎಂದೆ.

ಆಗಸ್ಟ್ 25, ಸೋಮವಾರ

ನಾಳೆ ಗೌರಿ ಹಬ್ಬ. ಗಣಪತಿ ಪೆಂಡಾಲು ಏಳು ಕಡೆ ನಿಲ್ಲಬೇಕು, ನಾನಿಲ್ಲದೆ ಒಂದು ಗಂಟೂ ನೆಟ್ಟಗೆ ಬೀಳುವುದಿಲ್ಲ. ಪುಟ್ಟಣ್ಣನಿಗೆ ವಹಿಸಿ ಮಾರ್ಕೆಟ್ಟಿಗೆ ಹೋದೆ. ರಸ್ತೆಯ ಎರಡೂ ಕಡೆ ಬಾಗಿನದ ಮೊರಗಳನ್ನು ಆಳೆತ್ತರ ಪೇರಿಸಿದ್ದರು. ಅರಿಶಿನ ಬಳಿದ ಬಿದಿರು, ಹಸಿ ವಾಸನೆ. ಅಣ್ಣತಮ್ಮಂದಿರೇ ಎಲ್ಲ ಕಡೆ, ಬಳೆಯ ಅಳತೆ ಗೊತ್ತಿಲ್ಲದೆ ಫೋನಿನಲ್ಲಿ ಹೆಂಡತಿಯರನ್ನು ಕೇಳುತ್ತಿದ್ದಾರೆ. ನನಗೂ ಗೊತ್ತಿರಲಿಲ್ಲ. ಕವನಳಿಗೆ ಫೋನ್ ಮಾಡಿ ಕೇಳಿದೆ. ಎರಡು-ಎಂಟು ಎಂದಳು. ಯಾಕೆ ಎಂದು ಕೇಳಿದಳು. ಸುಮ್ಮನೆ ಎಂದೆ.

ಮೊರದವಳಿಗೆ ಪುರುಸೊತ್ತಿಲ್ಲ. ತಲೆಯೆತ್ತದೆ ಕೇಳಿದಳು: ಎಷ್ಟು ಜನ ಅಕ್ಕತಂಗಿಯರು?

ಒಬ್ಬಳು ಎಂದೆ.

ಕಡೂರಿಗೆ ಬೆಳಿಗ್ಗೆ ಆರೂವರೆಗೆ ಬಸ್ಸಿದೆ.